ಮೈನಸ್ ಡಿ ಮಹಾಶಯರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನೀವೂ ನಾನೂ ಒಂದೇ ಲಿನಕ್ಸ್ ಸರ್ವರಿಗೆ ಲಾಗಿನ್ ಆಗುವವರು. ಮೊನ್ನೆ ಅದು ತೆವಳತೊಡಗಿದಾಗ ಕಾರಣ ಹುಡುಕಲು ‘ಪಿಎಸ್ ಎಯುಎಕ್ಸ್’ ಎಂದು ಟೈಪ್ ಮಾಡಿದೆ. ನಡೆಯುತ್ತಿದ್ದ ಕೆಲಸಗಳ ಪಟ್ಟಿಯಲ್ಲಿ ಬೇರೆ ಸರ್ವರಿಗೆ ಡೇಟಾ ಕಳಿಸುವ ನಿಮ್ಮ ಕರ್ಲ್ ಕಮಾಂಡ್ ವಿರಾಜಮಾನವಾಗಿತ್ತು: ಯೂಸರ್‌ನೇಮ್, ಅದರ ಮಗ್ಗುಲಲ್ಲೇ ಪಾಸ್‌ವರ್ಡ್. ನನಗೆ ರೂಟ್ ಅಧಿಕಾರವಿಲ್ಲ, ಬೇಕಾಗಲೂ ಇಲ್ಲ.

ಇದನ್ನು ನಿಮಗೆ ಹೇಳಲು ಬಂದರೆ, “ಎಚ್‌ಟಿಟಿಪಿಎಸ್ ಇದೆಯಲ್ಲ ಸ್ವಾಮಿ, ಎಲ್ಲ ಎನ್‌ಕ್ರಿಪ್ಟ್ ಆಗೇ ಹೋಗುತ್ತೆ” ಎಂದಿರಿ. ನಿಜ, ದಾರಿಯಲ್ಲಿ ಯಾರೂ ಓದಲಾರರು. ಲಕೋಟೆಗೆ ಅರಗಿನ ಮುದ್ರೆ ಒತ್ತುವ ಮೊದಲು ಕಾಗದವನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದ್ದೀರಿ, ಅಷ್ಟೇ.

1998ರಲ್ಲಿ ಕರ್ಲ್ ಹೊರತಂದ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಮತ್ತು ಸಂಗಡಿಗರು ನಿಮ್ಮಂಥ ಧಾರಾಳಿಗಳನ್ನು ಬಲ್ಲವರು. ಲಾಗಿನ್ ವಿವರ ಕೊಡುವ ‘-ಯು’ ಜೊತೆ ಕೊಟ್ಟ ಪಾಸ್‌ವರ್ಡನ್ನು ಕರ್ಲ್, ಸಾಧ್ಯವಿರುವ ಕಡೆ, ಶುರುವಾದ ಕೂಡಲೇ ಆ ಪಟ್ಟಿಯಿಂದ ಅಳಿಸುತ್ತದೆ. ಅದಕ್ಕೂ ಮುಂಚಿನ ಕ್ಷಣ ಬಟ್ಟಬಯಲೇ. ನೀವೋ ಡೇಟಾ ಕಳಿಸುವ ‘-ಡಿ’ ಮುಂದೆ ಬರೆದಿದ್ದಿರಿ. ಅದಕ್ಕೆ ಆ ಮರೆಯೂ ಇಲ್ಲ.

ಕೆಲಸ ಮುಗಿದರೂ ನಿಮ್ಮ ದಾನ ಮುಗಿಯದು. ಅದೇ ಸಾಲು ಬ್ಯಾಶ್ ಹಿಸ್ಟರಿ ಕಡತದಲ್ಲಿ ಕೂರುತ್ತದೆ. ಅಲ್ಲಿಂದ ಬ್ಯಾಕಪ್ಪಿಗೂ ಹೋದೀತು. ಪಾಸ್‌ವರ್ಡನ್ನು ಯುಆರ್‌ಎಲ್‌ಗೇ ಅಂಟಿಸಿದ ದಿನ ಎದುರಿನ ಸರ್ವರಿನ ಲಾಗಿನಲ್ಲೂ ಅಚ್ಚಾಗಬಹುದು. ಸರ್ಟಿಫಿಕೇಟ್ ಸರಿಯಿಲ್ಲವೆಂದು ಕರ್ಲ್ ತಕರಾರು ತೆಗೆದರೆ ‘-ಕೆ’ ಹಾಕಿ ಅದರ ಬಾಯಿ ಮುಚ್ಚಿಸುತ್ತೀರಿ. ಆಮೇಲೂ ಗುಟ್ಟು ಗುಟ್ಟಾಗಿಯೇ ತಲುಪುತ್ತದೆ. ಯಾರಿಗೆ ಎಂದು ಮಾತ್ರ ಕೇಳಬಾರದು.

ನಿಮ್ಮ ಔದಾರ್ಯಕ್ಕೆ ಒಗ್ಗದ ಕೆಲವು ಜಿಪುಣ ಉಪಾಯಗಳಿವೆ. ‘-ಯು’ ಆದ ಮೇಲೆ ಹೆಸರನ್ನಷ್ಟೇ ಬರೆದರೆ ಕರ್ಲ್ ತಾನೇ ಪಾಸ್‌ವರ್ಡ್ ಕೇಳಿಕೊಳ್ಳುತ್ತದೆ, ಪರದೆಯ ಮೇಲೆ ತೋರಿಸದೆ. ಸ್ಕ್ರಿಪ್ಟಿಗಾದರೆ ನೆಟ್‌ಆರ್‌ಸಿ ಕಡತದಲ್ಲಿ ಬರೆದಿಟ್ಟು, ‘ಸಿಎಚ್‌ಮೋಡ್ 600’ ಕೊಟ್ಟು, ‘-ಎನ್’ ಎಂದರಾಯಿತು. ಅಲ್ಲೂ ಅದು ಸಾದಾ ಅಕ್ಷರಗಳಲ್ಲೇ ಇರುತ್ತದೆ, ಆದರೆ ನೀವು ಮತ್ತು ರೂಟ್ ಹೊರತು ಬೇರೆಯವರು ತೆರೆಯಲಾರರು. ‘-ಡಿ’ಯೇ ಬೇಕೆಂದರೆ ‘ಆ್ಯಟ್’ ಚಿಹ್ನೆ ಹಾಕಿ, ಹಾಗೆಯೇ ಭದ್ರವಾಗಿಟ್ಟ ಕಡತದ ಹೆಸರು ಕೊಡಿ.

ಎಲ್ಲಕ್ಕಿಂತ ಮೊದಲು ಆ ಪಾಸ್‌ವರ್ಡ್ ಬದಲಿಸಿ. ಮರೆಯಲು ನಾನೂ ಪ್ರಯತ್ನಿಸುತ್ತಿದ್ದೇನೆ. ಆದರೆ ಮಗಳ ಹೆಸರು, ಮುಂದೆ ಅವಳು ಹುಟ್ಟಿದ ವರ್ಷ ನೋಡಿ, ಮರೆಯುವುದು ಕಷ್ಟ.

ಇಂತಿ,
ಅದೇ ಸರ್ವರಿನ ನಿಮ್ಮ ನೆರೆಯವನು