ಮಿಲ್ಟ್ರಿ ಬರಲಿ ಎನ್ನುವ ಅಣ್ಣನವರಿಗೆ ಕೊಕ್ಕನೂರಿನಿಂದ

ಕ್ಯಾಲಿಫೋರ್ನಿಯಾ, ದುಬೈ, ಮೆಲ್ಬರ್ನ್ ಮುಂತಾದ ಕಡೆ ಸುಖವಾಗಿರುವ ನಮ್ಮೂರಿನ ಹಾಗೂ ಸುತ್ತೇಳು ಹಳ್ಳಿಯ ಅಣ್ಣಂದಿರಿಗೆ, ಹರಿಹರ ತಾಲ್ಲೂಕು ಕೊಕ್ಕನೂರಿನಿಂದ ತಮ್ಮ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ಕಡೆ ಎಲ್ಲರೂ ಕ್ಷೇಮ. ಭದ್ರಾ ನಾಲೆಯ ನೀರು ಕೊನೇ ಭಾಗಕ್ಕೆ ಎಂದಿನಂತೆ ತಡವಾಗಿ ಬಂತು, ಭತ್ತದ ರೇಟು ಎಂದಿನಂತೆ ಕೊಯ್ಲಿನ ಹೊತ್ತಿಗೆ ಬಿತ್ತು, ಊರದೇವರು ಹನುಮಪ್ಪ ಎಂದಿನಂತೆ ಎಲ್ಲವನ್ನೂ ನೋಡಿಕೊಂಡು ಸುಮ್ಮನಿದ್ದಾನೆ. ತಮ್ಮ ಕಡೆಯ ಕ್ಷೇಮ ಸಮಾಚಾರ ಟಿವಿಯಲ್ಲಿ ಬರುತ್ತಿರುತ್ತದೆ.

ಬರೆಯಲು ಕಾರಣ ಏನೆಂದರೆ, ಫೋನ್ ಮಾಡಿದಾಗಲೆಲ್ಲ ತಾವು ಕೊನೆಗೊಂದು ಮಾತು ಹೇಳಿ ಇಡುತ್ತೀರಿ: ಈ ದೇಶಕ್ಕೆ ಒಂದೈದು ವರ್ಷ ಮಿಲ್ಟ್ರಿ ರೂಲ್ ಬರಬೇಕು ಕಣೋ, ಎಲ್ಲಾ ನೆಟ್ಟಗಾಗ್ತಾರೆ. ಪಿ.ಬಿ. ರಸ್ತೆಯಲ್ಲಿ ಧರಣಿಗೆ ಬಸ್ಸು ನಿಂತರೆ ಮಿಲ್ಟ್ರಿ. ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಅರ್ಧ ಗಂಟೆ ಕಾಯಬೇಕಾಗಿ ಬಂದರೂ ಮಿಲ್ಟ್ರಿ. 2024ರ ಆಗಸ್ಟ್ 5ರಂದು ಶೇಖ್ ಹಸೀನಾ ಹೆಲಿಕಾಪ್ಟರ್ ಹತ್ತಿದ ಮೇಲೆ ಬಾಂಗ್ಲಾದೇಶದ ಸೇನಾ ಮುಖ್ಯಸ್ಥರು ಟಿವಿಗೆ ಬಂದು ಇನ್ನು ಜವಾಬ್ದಾರಿ ನನ್ನದು ಎಂದಾಗ ತಾವು ಅಲ್ಲಿಂದಲೇ ಭೇಷ್ ಅಂದಿರಿ. 2025ರ ಸೆಪ್ಟೆಂಬರ್ 9ರಂದು ಕಠ್ಮಂಡುವಿನಲ್ಲಿ ಸಂಸತ್ ಭವನ ಹೊತ್ತಿ ಉರಿದು, ರಾತ್ರಿ 10 ಗಂಟೆಗೆ ನೇಪಾಳದ ಸೇನೆ ಭದ್ರತೆಯನ್ನು ಕೈಗೆತ್ತಿಕೊಂಡಾಗಲಂತೂ, ಹಂಗಿರಬೇಕು ನೋಡು ಎಂದು ನನ್ನನ್ನೇ ಗದರಿಸಿದಿರಿ. ಕಠ್ಮಂಡುವಿನಲ್ಲಿ ಬೆಂಕಿ ಹಚ್ಚಿದವನು ನಾನಲ್ಲ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಮಗೆ ಮೀಟಿಂಗು ಶುರುವಾಯಿತು.

ಹಿರಿಯರ ಆಸೆ. ತಳ್ಳಿಹಾಕುವುದು ಸರಿಯಲ್ಲ. ಕೊಕ್ಕನೂರಿಗೆ ಮಿಲ್ಟ್ರಿ ಬಂದರೆ ಹೇಗೆ ಬರಮಾಡಿಕೊಳ್ಳುವುದೆಂದು ಕೂತು ಯೋಚಿಸಿದೆ. ಇಳಿಸಲು ಜಾಗಕ್ಕೇನು ತೊಂದರೆಯಿಲ್ಲ, ಸರ್ಕಾರಿ ಶಾಲೆ ಇದೆ; ಚುನಾವಣೆಗೂ ಅದೇ, ಲಸಿಕೆಗೂ ಅದೇ, ಮಳೆಗೆ ಮನೆ ಬಿದ್ದವರಿಗೂ ಅದೇ. ತೊಡಕು ಇರುವುದು ತಮ್ಮ ಎರಡೆಕರೆ ವಿಷಯದಲ್ಲಿ.

ದೊಡ್ಡಪ್ಪನವರು ತೀರಿಕೊಂಡ ಮೇಲೆ ಆ ಹೊಲದ ಪೌತಿ ಖಾತೆ ಇನ್ನೂ ಆಗಿಲ್ಲ. ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತೀರ್ಥಯಾತ್ರೆ ಮಾಡುತ್ತಿದೆ. ಈಗ ಅದು ಎಲ್ಲಾದರೂ ಕೂತುಬಿಟ್ಟರೆ ನಾನೇನು ಮಾಡುತ್ತೇನೆ? ಮೊದಲು ಗುಮಾಸ್ತರ ಮೇಲೆ ರೇಗುತ್ತೇನೆ. ಬಗ್ಗದಿದ್ದರೆ ಪಂಚಾಯ್ತಿ ಮೆಂಬರನ್ನು ಕಟ್ಟಿಕೊಂಡು ಬೆಳಿಗ್ಗೆ ಆರಕ್ಕೇ ಎಂಎಲ್‌ಎ ಮನೆ ಜಗಲಿಯಲ್ಲಿ ಕೂರುತ್ತೇನೆ. ಅದಕ್ಕೂ ಆಗದಿದ್ದರೆ ಐದಾರು ಮಂದಿ ಸೇರಿ ಕಚೇರಿ ಮುಂದೆ ಧಿಕ್ಕಾರ ಕೂಗುತ್ತೇವೆ, ಪೇಪರಿನವರು ಫೋಟೊ ಹೊಡೆಯುತ್ತಾರೆ, ಮುಂದಿನ ಎಲೆಕ್ಷನ್ನಿಗೆ ಬರ್ತೀಯಲ್ಲ ಆಗ ಮಾತಾಡ್ತೀವಿ ಎಂದು ಯಾರೋ ಒಬ್ಬ ಜೋರಾಗಿ ಅನ್ನುತ್ತಾನೆ. ಅವತ್ತು ರಾತ್ರಿಯೇ ಫೋನು ಬರುತ್ತದೆ. ಕೆಲಸ ಆಗುತ್ತದೆಂದು ಹೇಳಲಾರೆ, ಫೋನು ಬರುತ್ತದೆ. ಅದೇ ಫೈಲು ಕ್ಯಾಪ್ಟನ್ ಸಾಹೇಬರ ಮೇಜಿನ ಮೇಲೆ ಕೂತರೆ ಯಾರ ಜಗಲಿಗೆ ಹೋಗಲಿ ಅಣ್ಣ? ಯಾವ ಎಲೆಕ್ಷನ್ನಿಗೆ ಮಾತಾಡಲಿ?

ನಾಲೆಗೆ ಸಿಪಾಯಿಗಳ ಕಾವಲು ಹಾಕಿದರೆ ಕೊನೇ ಭಾಗಕ್ಕೆ ನೀರು ತಾನಾಗಿ ಹರಿಯುತ್ತದೆಂದು ತಾವು ಹೇಳಿದ್ದು ನನಗೂ ರುಚಿಸಿತ್ತು. ಆಮೇಲೆ ಒಂದು ಅನುಮಾನ ಬಂತು. ಗೇಟಿನ ಪಕ್ಕ ಬಂದೂಕು ಹಿಡಿದು ಕೂತವನಿಗೆ ಮೇಲಿನ ಊರಿನವರು ದಿನಾ ಕೋಳಿ ಸಾರು ಕಳಿಸಿದರೆ? ಇಂಜಿನಿಯರಿಗೆ ಮುತ್ತಿಗೆ ಹಾಕಿ ಅಭ್ಯಾಸ ಇದೆ. ಬಂದೂಕಿಗೆ ಮುತ್ತಿಗೆ ಹಾಕುವ ಕ್ರಮ ನಮ್ಮ ರೈತ ಸಂಘದವರಿಗೂ ಗೊತ್ತಿಲ್ಲ.

ಎಮರ್ಜೆನ್ಸಿಯಲ್ಲಿ ರೈಲುಗಳು ಗಡಿಯಾರ ನೋಡಿಕೊಂಡು ಬರುತ್ತಿದ್ದವು ಎಂಬ ತಮ್ಮ ನೆನಪನ್ನೂ ಗೌರವಿಸುತ್ತೇನೆ. ಅದೇ ಕಾಲದಲ್ಲಿ ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ಉಸಿರು ಕಟ್ಟಿಕೊಂಡಿದ್ದ ನಟಿ ಸ್ನೇಹಲತಾ ರೆಡ್ಡಿ, ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿ 20ರಂದು ತೀರಿಕೊಂಡರು. ಆಗ ಬಂದದ್ದು ಮಿಲ್ಟ್ರಿಯೂ ಅಲ್ಲ, ಬರೀ ಪೊಲೀಸರು.

ಇರಲಿ. ಅನುಭವ ಇದ್ದವರನ್ನು ಕೇಳೋಣವೆಂದರೆ ದೂರ ಹೋಗಬೇಕಿಲ್ಲ. ತಮ್ಮಂತೆಯೇ ಪಾಸ್‌ಪೋರ್ಟು ಇರುವ, ಬಹುಶಃ ತಮಗಿಂತ ಹೆಚ್ಚು ದೇಶ ತುಳಿದಿರುವ ಜನ ನಮ್ಮ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲೇ ಇದ್ದಾರೆ. ಹಕ್ಕಿಪಿಕ್ಕಿಗಳು. ಮನೆಯೊಳಗೆ ವಾಗ್ರಿ ಮಾತು, ಸಂತೆಗೆ ಬಂದರೆ ಕನ್ನಡ, ರೈಲು ಹತ್ತಿದರೆ ಹಿಂದಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಕ್ಕಿ ಹಿಡಿಯುವುದು ಅಪರಾಧವಾಯಿತು. ಬೇರು, ಸೊಪ್ಪು, ತಲೆಗೂದಲಿನ ಎಣ್ಣೆ ಹಿಡಿದು ಮೊದಲು ಊರೂರು ತಿರುಗಿದರು, ಆಮೇಲೆ ಆಫ್ರಿಕಾದ ದೇಶಗಳನ್ನು. ಕಂಪನಿ ಕಳಿಸಲಿಲ್ಲ, ಹೆಂಡತಿಗೆ ಡಿಪೆಂಡೆಂಟ್ ವೀಸಾ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಇರಲಿಲ್ಲ, ಗಂಡ ಹೆಂಡತಿ ಇಬ್ಬರೂ ವ್ಯಾಪಾರಕ್ಕೇ ಹೊರಟವರು. ಇವರನ್ನು ಯಾರೂ ಎನ್‌ಆರ್‌ಐ ಅನ್ನುವುದಿಲ್ಲ. ಹೊರದೇಶದ ಕನ್ನಡ ಸಮ್ಮೇಳನಗಳಲ್ಲಿ ಇವರಿಗೆ ಶಾಲು ಹೊದಿಸಿದ ಫೋಟೊ ನನ್ನ ಕಣ್ಣಿಗೆ ಬಿದ್ದಿಲ್ಲ. ತಮ್ಮ ಕಣ್ಣಿಗೆ ಬಿದ್ದಿದ್ದರೆ ಕಳಿಸಿಕೊಡಿ.

ಇವರಲ್ಲಿ ಕೆಲವರು 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿದ್ದರು. ತಾವು ಆಸೆಪಡುವುದನ್ನು ಆ ದೇಶದ ಜನ ನಿಜವಾಗಿ ಪ್ರಯೋಗ ಮಾಡಿ ನೋಡಿದವರು, ಹಾಗಾಗಿ ಅವರ ಕಥೆ ತಮಗೆ ಉಪಯೋಗಕ್ಕೆ ಬಂದೀತು. 1989ರಲ್ಲಿ ಒಮರ್ ಅಲ್ ಬಶೀರ್ ಎಂಬ ಸೇನಾಧಿಕಾರಿ ದೇಶವನ್ನು ನೆಟ್ಟಗೆ ಮಾಡುತ್ತೇನೆಂದು ಬಂದ. ಐದು ವರ್ಷದ ಬದಲು 30 ವರ್ಷ ಕೂತ. 2018ರ ಡಿಸೆಂಬರಿನಲ್ಲಿ ರೊಟ್ಟಿಯ ಬೆಲೆ ಒಮ್ಮೆಲೇ ಮೂರು ಪಟ್ಟಾದಾಗ ಜನ ಬೀದಿಗಿಳಿದರು. 2019ರ ಏಪ್ರಿಲ್ 6ರಿಂದ ಖಾರ್ಟೂಮಿನ ಸೇನಾ ಕೇಂದ್ರ ಕಚೇರಿಯ ಮುಂದೆಯೇ ಕೂತು, ಇವನನ್ನು ಇಳಿಸಿ ಎಂದು ಮಿಲ್ಟ್ರಿಯನ್ನು ಬೇಡಿದರು. 11ರಂದು ಮಿಲ್ಟ್ರಿ ಇಳಿಸಿತು. ಜನ ಕುಣಿದರು. ಜೂನ್ 3ರಂದು, ಅದೇ ಕಚೇರಿಯ ಮುಂದೆ ಇನ್ನೂ ಕೂತಿದ್ದ ಅದೇ ಜನರನ್ನು ಗುಂಡು ಹಾರಿಸಿ ಎಬ್ಬಿಸಲಾಯಿತು. ಸತ್ತವರು ನೂರಕ್ಕೂ ಹೆಚ್ಚು ಎಂದು ಅಲ್ಲಿನ ವೈದ್ಯರು ಲೆಕ್ಕ ಕೊಟ್ಟರು. ನಡುವೆ ಸ್ವಲ್ಪ ಕಾಲ ನಾಗರಿಕ ಪ್ರಧಾನಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, 2021ರ ಅಕ್ಟೋಬರ್ 25ರಂದು ಅವರನ್ನೂ ಎಬ್ಬಿಸಿದರು.

ಉಳಿದವರು ಇಬ್ಬರು ಜನರಲ್‌ಗಳು. ಸೇನೆಯ ಅಬ್ದೆಲ್ ಫತ್ತಾಹ್ ಅಲ್ ಬುರ್ಹಾನ್, ಅರೆಸೇನೆಯ ಹೆಮೆಡ್ಟಿ. ಅರೆಸೇನೆ ಸೇನೆಯೊಳಗೆ ಎರಡು ವರ್ಷದಲ್ಲಿ ಸೇರಬೇಕೆಂದು ಒಬ್ಬ, ಹತ್ತು ವರ್ಷ ಬೇಕೆಂದು ಇನ್ನೊಬ್ಬ. ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಿಗೆ ಜಗಳವಾಡಿದರೆ ಬದು ಒತ್ತುತ್ತಾರೆ, ಪಂಚಾಯ್ತಿ ಕೂರುತ್ತದೆ, ಸರ್ವೇಯರ್ ಬಂದು ಸರಪಳಿ ಎಳೆಯುತ್ತಾನೆ. ಅಲ್ಲಿ ಪಂಚಾಯ್ತಿ ಮಾಡಬೇಕಾದವರನ್ನೆಲ್ಲ ಮೊದಲೇ ಮನೆಗೆ ಕಳಿಸಿ ಆಗಿತ್ತು. 2023ರ ಏಪ್ರಿಲ್ 15ರ ಶನಿವಾರ ಬೆಳಿಗ್ಗೆ ಖಾರ್ಟೂಮಿನಲ್ಲಿ ಫಿರಂಗಿ ಸಿಡಿಯಿತು.

ನಮ್ಮವರು ಇದ್ದದ್ದು ರಾಜಧಾನಿಯಿಂದ ಬಹು ದೂರ, ಡಾರ್ಫರ್ ಸೀಮೆಯ ಅಲ್ ಫಾಶಿರ್‌ನಲ್ಲಿ. ಮೊದಲು ಸುದ್ದಿಗೆ ಬಂದದ್ದು 31 ಮಂದಿ. ಹುಣಸೂರಿನವರು, ಶಿವಮೊಗ್ಗದವರು, ಚನ್ನಗಿರಿಯವರು. ಊಟ ಇಲ್ಲ, ನೀರಿಲ್ಲ, ಬಾಗಿಲು ತೆಗೆಯುವಂತಿಲ್ಲ, ಹೊರಗೆ ಹಾರುವ ಗುಂಡು ಯಾವ ಜನರಲ್‌ದೆಂದು ಗೊತ್ತಾಗುವಂತಿಲ್ಲ. ಖಾರ್ಟೂಮಿನಲ್ಲಂತೂ ದಾರಿ ತಪ್ಪಿ ಬಂದ ಗುಂಡಿಗೆ ಒಬ್ಬ ಭಾರತೀಯನ ಪ್ರಾಣ ಹೋಗಿತ್ತು. ಕರ್ಫ್ಯೂ ಎಂದರೆ ಶಿಸ್ತು ಎಂದು ತಾವು ಹೇಳುತ್ತಿರುತ್ತೀರಲ್ಲ, ಶಿಸ್ತಿನ ಆ ದಿನಗಳಲ್ಲಿ ತಲೆಗೂದಲಿನ ಎಣ್ಣೆ ಒಂದು ಬಾಟಲಿಯೂ ಮಾರಾಟವಾಗಿರಲಾರದು.

ಇತ್ತ ನಮ್ಮಲ್ಲಿ ಮೇ 10ಕ್ಕೆ ವಿಧಾನಸಭೆಯ ಮತದಾನ. ಏಪ್ರಿಲ್ 18ರಂದು, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಈ 31 ಜನರನ್ನು ಕರೆತನ್ನಿ ಎಂದು ಬಹಿರಂಗವಾಗಿ ಕೇಳಿದರು. ಜೀವದ ಪ್ರಶ್ನೆಯಲ್ಲಿ ರಾಜಕೀಯ ಬೇಡ ಎಂದು ವಿದೇಶಾಂಗ ಸಚಿವ ಜೈಶಂಕರ್ ಸಿಟ್ಟಾದರು. ಎರಡೂ ಕಡೆಯವರು ಕಿತ್ತಾಡಿದರು. ಥೂ, ಇದಕ್ಕೇ ಹೇಳೋದು ಮಿಲ್ಟ್ರಿ ಬರಬೇಕು ಅಂತ, ಎಂದಿರಿ ತಾವು. ನನಗೆ ಆ ಕಿತ್ತಾಟ ಹಬ್ಬದಂತೆ ಕಂಡಿತು. ಡೇರೆ ಕಿತ್ತುಕೊಂಡು ಊರು ಬಿಟ್ಟರೂ ಯಾರೂ ಕೇಳದಿದ್ದ ಜನ. ಅವರು ಎಷ್ಟು ಮಂದಿ, ಯಾವ ತಾಲ್ಲೂಕಿನವರು ಎಂದು ಬೆಂಗಳೂರು, ದೆಹಲಿ ಎರಡೂ ಎಣಿಸುತ್ತಿದ್ದವು. ಓಟಿನ ಭಯ ಇಲ್ಲದಿದ್ದರೆ ಅಷ್ಟು ಬೇಗ ಎಣಿಸುತ್ತಿದ್ದರೇ? ನನಗಂತೂ ನಂಬಿಕೆಯಿಲ್ಲ.

ಏಪ್ರಿಲ್ 24ರಂದು ‘ಆಪರೇಷನ್ ಕಾವೇರಿ’ ಶುರುವಾಯಿತು. (ತುಂಗಭದ್ರಾ ಎಂದಿಟ್ಟಿದ್ದರೆ ಹರಿಹರದವರಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಹೆಸರಿಡುವಾಗಲೂ ಹಳೇ ಮೈಸೂರಿನ ಕಡೆಗೇ ಒಲವು.) ಐಎನ್‌ಎಸ್ ಸುಮೇಧಾ ಪೋರ್ಟ್ ಸುಡಾನಿನಿಂದ ಮೊದಲ 278 ಮಂದಿಯನ್ನು ಜೆಡ್ಡಾಗೆ ತಲುಪಿಸಿತು. ಖಾರ್ಟೂಮಿನ ಉತ್ತರಕ್ಕಿರುವ ವಾದಿ ಸೆಯ್ದ್ನಾದಲ್ಲಿ, ದೀಪವೇ ಇಲ್ಲದ ರನ್‌ವೇ ಮೇಲೆ, ವಾಯುಪಡೆಯವರು ಕತ್ತಲಲ್ಲಿ ಕಾಣುವ ಕನ್ನಡಕ ಹಾಕಿಕೊಂಡು ಸಿ-130ಜೆ ವಿಮಾನ ಇಳಿಸಿ 121 ಮಂದಿಯನ್ನು ಎತ್ತಿಕೊಂಡು ಬಂದರು. 28ರಂದು ಬೆಂಗಳೂರಿಗೆ ಬಂದಿಳಿದ 362 ಜನರಲ್ಲಿ ಹಕ್ಕಿಪಿಕ್ಕಿಗಳೇ ಬಹಳ. ಹಳದಿ ಜ್ವರದ ಲಸಿಕೆ ಚೀಟಿ ಇಲ್ಲದವರನ್ನು ಕ್ವಾರಂಟೈನಿಗೆ ಹಾಕಿದರು. ಗುಂಡು ತಪ್ಪಿಸಿಕೊಂಡು ಬರುವಾಗ ಚೀಟಿ ಮರೆಯಬಾರದು ನೋಡಿ. ಮೇ 7ರಂದು ಪ್ರಧಾನಿಯವರೇ ಶಿವಮೊಗ್ಗದಲ್ಲಿ ಅವರನ್ನು ಕರೆಸಿ ಮಾತಾಡಿಸಿದರು. ಮತದಾನಕ್ಕೆ ಮೂರು ದಿನ ಇತ್ತು.

ಇಲ್ಲಿ ನಮ್ಮ ಮಿಲ್ಟ್ರಿ ಮಾಡಿದ ಕೆಲಸವನ್ನು ಗಮನಿಸಬೇಕು ತಾವು. ಹೋಗಿ ಎಂದವರು ಓಟು ಕೇಳುವವರು. ಹೋದರು, ಕತ್ತಲಲ್ಲಿ ಇಳಿದರು, ಜನರನ್ನು ತಂದರು, ತಮ್ಮ ನೆಲೆಗೆ ವಾಪಸಾದರು. ಯಾರ ಕುರ್ಚಿಯನ್ನೂ ಒರೆಸಿ ನೋಡಲಿಲ್ಲ. ಅಂಥ ಮಿಲ್ಟ್ರಿಗೆ ನಾನೂ ನಿಂತು ಸೆಲ್ಯೂಟ್ ಹೊಡೆಯುತ್ತೇನೆ. ತಾವು ಕೇಳುತ್ತಿರುವುದು ಅದರ ಕೆಲಸ ಬಿಡಿಸಿ ಬೇರೆ ಕೆಲಸಕ್ಕೆ ಹಚ್ಚಿ ಎಂದು.

ನೇಪಾಳದ ಮಾತು ಎತ್ತುತ್ತೀರೆಂದು ಗೊತ್ತು. ಒಪ್ಪಿದೆ. ಅಲ್ಲಿ ಸೇನೆ ಬಂದು ಮೂರೇ ದಿನಕ್ಕೆ, ಸೆಪ್ಟೆಂಬರ್ 12ರಂದು, ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಪ್ರಮಾಣವಚನ ತೆಗೆದುಕೊಂಡರು. ಅಂದರೆ ಸೇನೆ ಆಳಲಿಲ್ಲ, ಕಾವಲು ನಿಂತಿತು. ತಾವು ಐದು ವರ್ಷ ಕೇಳುತ್ತಿದ್ದೀರಿ. ಲೆಕ್ಕದಲ್ಲಿ ಸ್ವಲ್ಪ ವ್ಯತ್ಯಾಸವಿದೆ.

ಇನ್ನು ತಮ್ಮ ಊರಿನ ವಿಷಯ. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸಿಗೆ ನ್ಯಾಷನಲ್ ಗಾರ್ಡಿನ ಸುಮಾರು 4,000 ಮಂದಿಯೂ 700 ಮೆರೀನ್‌ಗಳೂ ಬಂದಿಳಿದಾಗ, ಮನೆ ಬಾಗಿಲಿಗೇ ಭಾಗ್ಯ ಬಂತಲ್ಲ ಎಂದು ಅಭಿನಂದಿಸಲು ನಾನೇ ಫೋನ್ ಮಾಡಿದೆ. ಕ್ಯಾಲಿಫೋರ್ನಿಯಾದ ಅಣ್ಣನವರು ಪಿಸುಮಾತಿನಲ್ಲಿ ಮಾತಾಡಿದರು. ಹಾಲು ತರಲು ಹೋದರೂ ಗ್ರೀನ್ ಕಾರ್ಡ್ ಜೇಬಿನಲ್ಲಿಟ್ಟುಕೊಳ್ಳುತ್ತೇನೆ ಎಂದರು. ಇದು ಸಂವಿಧಾನಕ್ಕೆ ವಿರುದ್ಧ, ಗವರ್ನರ್ ಕೋರ್ಟಿಗೆ ಹೋಗಿದ್ದಾರೆ, ಸೈನ್ಯವನ್ನು ಪೊಲೀಸ್ ಕೆಲಸಕ್ಕೆ ಬಳಸಬಾರದೆಂದು 1878ರಷ್ಟು ಹಿಂದಿನ ಕಾನೂನೇ ಇದೆ ಎಂದು ಪಾಠ ಮಾಡಿದರು. ಆಗಸ್ಟ್ 11ರಂದು ವಾಷಿಂಗ್ಟನ್ ನಗರದ ಪೊಲೀಸ್ ವ್ಯವಸ್ಥೆಯನ್ನೇ ಅಧ್ಯಕ್ಷರು ಕೈಗೆ ತೆಗೆದುಕೊಂಡು ಗಾರ್ಡ್ ಇಳಿಸಿದಾಗ ಪಾಠ ಇನ್ನಷ್ಟು ಉದ್ದವಾಯಿತು. ಅಣ್ಣಾ, ಎಲ್ಲಾ ನೆಟ್ಟಗಾಗ್ತಾರೆ ಬಿಡು ಎಂದೆ. ಲೈನು ಕಟ್ಟಾಯಿತು. ನೆಟ್‌ವರ್ಕ್ ಸಮಸ್ಯೆ ಇರಬೇಕು.

ನಮ್ಮ ಎಣ್ಣೆ ವ್ಯಾಪಾರಿಗಳು ಬಾಡಿಗೆಗಿದ್ದ ಅಲ್ ಫಾಶಿರ್ ಏನಾಯಿತೆಂದು ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅರೆಸೇನೆ ಅದಕ್ಕೆ ಒಂದೂವರೆ ವರ್ಷ ಮುತ್ತಿಗೆ ಹಾಕಿ ಕೂತಿತ್ತು. 2025ರ ಅಕ್ಟೋಬರ್ 26ರಂದು ಊರು ಅದರ ಕೈಗೆ ಬಿತ್ತು, ಮನೆಮನೆಗೆ ನುಗ್ಗಿ ಕೊಂದರು. ಇಡೀ ಸುಡಾನಿನಲ್ಲಿ ಮನೆಮಠ ಬಿಟ್ಟವರು ಒಂದು ಕೋಟಿಗೂ ಹೆಚ್ಚು. ಅವರನ್ನು ಕರೆತರಲು ಯಾವ ಹಡಗೂ ಬರುವುದಿಲ್ಲ. ಅದು ಅವರದೇ ದೇಶ.

ಈ ಸಲ ಹನುಮಪ್ಪನ ತೇರಿಗೆ ಬಂದಾಗ ಒಂದು ದಿನ ಬಿಡುವು ಮಾಡಿಕೊಳ್ಳಿ. ಕಾರು ನಾನೇ ಮಾತಾಡುತ್ತೇನೆ, ಚನ್ನಗಿರಿ ಕಡೆ ಹೋಗಿಬರೋಣ. ಗೋಪನಾಳದಲ್ಲಿ, ಅಸ್ತಾಪನಹಳ್ಳಿಯಲ್ಲಿ ಯಾರನ್ನಾದರೂ ಕೂರಿಸಿಕೊಂಡು, ಮಿಲ್ಟ್ರಿ ರೂಲ್ ಬಂದರೆ ಹೆಂಗೆ ಎಂದು ತಾವೇ ಬಾಯಿಬಿಟ್ಟು ಕೇಳಿ. ನಾನು ನಡುವೆ ಬಾಯಿ ಹಾಕುವುದಿಲ್ಲ. ಬರುವಾಗ ಒಂದೆರಡು ಬಾಟಲಿ ಎಣ್ಣೆ ಕೊಳ್ಳಿ, ಅತ್ತಿಗೆಯವರು ಹೇಳಿದ್ದಾರೆ. ಕೂದಲು ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಚೌಕಾಸಿಗೆ ಮಾತ್ರ ಇಳಿಯಬೇಡಿ. ಡಾಲರಿನ ಇವತ್ತಿನ ರೇಟು ಅವರಿಗೆ ತಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇಂತಿ ತಮ್ಮ ವಿಧೇಯ ತಮ್ಮ,
ಕೊಕ್ಕನೂರು