ಆಕ್ಟೇನಾಚಾರ್ಯರು

ಅಮೆರಿಕದ ಮಿನ್ನೆಸೋಟದಲ್ಲಿ ನೆಲಸಿರುವ ಕನ್ನಡಿಗರ ಯಾವ ಯುಗಾದಿಯ ಊಟಕ್ಕೆ ಹೋದರೂ, ಒಬ್ಬಟ್ಟು ಎಲೆಗೆ ಬೀಳುವ ಮುನ್ನವೇ ಮಾತನ್ನು ಮೆಲ್ಲನೆ ಮೋಟಾರಿನ ಕಡೆಗೆ ತಿರುಗಿಸಿ, ಎದುರಿಗೆ ಕುಳಿತಾತನು ತನ್ನ ಗಾಡಿಗೆ ಯಾವ ಪೆಟ್ರೋಲನ್ನು ಹಾಕಿಸುತ್ತಾನೆಂಬುದನ್ನು ಗೋತ್ರಪ್ರವರಗಳನ್ನು ಕೇಳುವಷ್ಟೇ ಶ್ರದ್ಧೆಯಿಂದ ವಿಚಾರಿಸುವ ಮಹನೀಯರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಅವರನ್ನು ಆಕ್ಟೇನಾಚಾರ್ಯರೆಂದು ಕರೆಯೋಣ.

ಆಚಾರ್ಯರು ವಿದ್ಯಾಭ್ಯಾಸದಲ್ಲಿ ಎರಡನೆಯ ದರ್ಜೆಯ ಮುಖವನ್ನು ಕಂಡವರಲ್ಲ. ಆದುದರಿಂದ ಪಂಪಿನ ಮೇಲಣ ಹಳದಿ ಚೀಟಿಗಳಲ್ಲಿರುವ 87, 89, 91 ಎಂಬ ಆಕ್ಟೇನ್ ಸಂಖ್ಯೆಗಳನ್ನು ಪರೀಕ್ಷೆಯ ಅಂಕಗಳೆಂದೇ ಭಾವಿಸುವರು. ವಾಸ್ತವವಾಗಿ ಆ ಸಂಖ್ಯೆ ಸೂಚಿಸುವುದು ಇಂಧನದ ಸಹನೆಯನ್ನು: ಸಿಲಿಂಡರಿನೊಳಗೆ ಒತ್ತಡಕ್ಕೆ ಸಿಲುಕಿದಾಗ, ಕಿಡಿಯ ಜ್ವಾಲೆ ಬಂದು ತಲುಪುವ ತನಕ ತಾನಾಗಿ ಹೊತ್ತಿಕೊಂಡು ಎಂಜಿನ್ನನ್ನು ಕುಟ್ಟದೆ, ಅದು ಎಷ್ಟರಮಟ್ಟಿಗೆ ತಾಳಿಕೊಳ್ಳಬಲ್ಲುದೆಂಬುದನ್ನು. 87 ಸಾಕೆಂದು ತಯಾರಕರೇ ಕೈಪಿಡಿಯಲ್ಲಿ ಅಚ್ಚುಹಾಕಿಸಿರುವ ಗಾಡಿಗೆ 91ನ್ನು ಕುಡಿಸಿದರೆ ಹಗುರವಾಗುವುದು ಒಡೆಯನ ಕಿಸೆ ಮಾತ್ರ. ಇದನ್ನು ಹೇಳಿದರೆ, "ಕೈಪಿಡಿ ಬರೆದಿರುವುದು ಸಾಮಾನ್ಯರಿಗೆ, ಸ್ವಾಮಿ" ಎಂದು ಕರುಣೆಯಿಂದ ನಗುವರು. ಒಮ್ಮೆ ಬೆಂಗಳೂರಿಗೆ ಹೋಗಿದ್ದಾಗ ಅಲ್ಲಿಯ ಸಾದಾ ಪೆಟ್ರೋಲೂ 91 ಎಂದು ಕೇಳಿ ಅವರ ಕಣ್ಣು ತೇವಗೊಂಡಿತಂತೆ. ಭಾರತದಲ್ಲಿ ಎಣಿಸುವುದು ರಿಸರ್ಚ್ ಆಕ್ಟೇನ್ ಸಂಖ್ಯೆಯನ್ನು, ಅಮೆರಿಕದಲ್ಲಿ ರಿಸರ್ಚ್ ಮತ್ತು ಮೋಟಾರ್ ಸಂಖ್ಯೆಗಳೆರಡರ ಸರಾಸರಿಯನ್ನು, ಆದಕಾರಣ ಅಲ್ಲಿಯ 91 ಇಲ್ಲಿಯ 87ರ ಆಸುಪಾಸಿನದೇ ಎಂದು ಹೇಳಿ ಆ ದೇಶಾಭಿಮಾನಕ್ಕೆ ಭಂಗ ತರುವ ಧೈರ್ಯ ಯಾರಿಗೂ ಆಗಲಿಲ್ಲ.

ಇಂಥವರ ಕೈಗೆ ದೈವವು, ಹೆಚ್ಚು ಎಥನಾಲು ಬೆರೆತ ಪೆಟ್ರೋಲಿನಲ್ಲೂ ಓಡಬಲ್ಲ ಫ್ಲೆಕ್ಸ್ ಫ್ಯುಯೆಲ್ ಗಾಡಿಯೊಂದನ್ನು ಕೊಟ್ಟಿತು. ಅದು ಕೊಂಡವರಿಗೇ ತಿಳಿಯದೆ ಮನೆ ಸೇರುವ ಜಾತಿಯದು. 1988ರ ಕಾನೂನೊಂದು ಇಂಥ ಗಾಡಿಗಳನ್ನು ತಯಾರಿಸಿದವರಿಗೆ ಮೈಲೇಜಿನ ಲೆಕ್ಕದಲ್ಲಿ ರಿಯಾಯಿತಿ ಕೊಟ್ಟದ್ದರಿಂದ, ಕೇಳದವರಿಗೂ ಅವು ಹೇರಳವಾಗಿ ಮಾರಾಟವಾದವು. ಟ್ಯಾಂಕಿನ ಹಳದಿ ಮುಚ್ಚಳದ ಅರ್ಥವನ್ನು ನೆರೆಯವರಿಂದ ತಿಳಿದಂದು ಆಚಾರ್ಯರು ಪಂಪಿಗೆ ಹೋಗಿ ನೋಡಿದರೆ, ಆ ಗಾಡಿಗೆಂದೇ ಇಟ್ಟಿದ್ದ ಇಂಧನದ ಮೇಲೆ ಇ-85 ಎಂದು ಬರೆದಿದೆ. "87ಕ್ಕಿಂತಲೂ ಎರಡು ಕಡಮೆ! ನಪಾಸಾದ ಸರಕನ್ನು ನಾನು ಹಾಕಿಸಲೇ?" ಎಂದು ಹಿಂದಿರುಗಿದರು.

ಆ 85 ಆಕ್ಟೇನಲ್ಲ, ಎಥನಾಲೆಂಬ ಮದ್ಯಸಾರದ ಪಾಲು. ಅದೂ ಹೆಸರಿಗೆ ಮಾತ್ರ, ಏಕೆಂದರೆ ಋತುವಿಗೆ ತಕ್ಕಂತೆ ಶೇಕಡಾ 51ರಿಂದ 83ರವರೆಗೆ ಅದು ಏರಿಳಿಯುವುದು. ಚಳಿಗೆ ಎಥನಾಲು ಸುಲಭವಾಗಿ ಆವಿಯಾಗದ ಕಾರಣ ಮಿನ್ನೆಸೋಟದ ಹಿಮಗಾಲದಲ್ಲಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುವರು. ಪಕ್ಕದಲ್ಲೇ ಇರುವ 'ಅನ್‌ಲೆಡೆಡ್ 88' ಎಂಬುದರಲ್ಲಾದರೋ 88 ನಿಜವಾಗಿಯೂ ಆಕ್ಟೇನು, ಎಥನಾಲು ಶೇಕಡಾ 15 ಮಾತ್ರ. ಈ ಒಂದು ವಿಷಯದಲ್ಲಿ ನಾನು ಆಚಾರ್ಯರ ಪಕ್ಷ. ಒಂದೇ ಪಂಪಿನಲ್ಲಿ ಒಂದು ಅಂಕೆ ಮದ್ಯಸಾರದ್ದೂ ಮತ್ತೊಂದು ಸಹನೆಯದ್ದೂ ಆದರೆ ಗೃಹಸ್ಥನಾದವನು ಏನು ಮಾಡಬೇಕು?

ಮುಂದೆ ಇಂಜಿನಿಯರಿಂಗ್ ಓದುವ ಸೋದರಳಿಯನೊಬ್ಬನು ಶುದ್ಧ ಎಥನಾಲಿನ ರಿಸರ್ಚ್ ಸಂಖ್ಯೆ 108ರ ಸುಮಾರಿನದೆಂದು ತಿಳಿಸಿದ ದಿನ ಆಚಾರ್ಯರಿಗೆ ಜ್ಞಾನೋದಯವಾಯಿತು. "ಅಷ್ಟೋತ್ತರ ಕಣೇ, ಅಷ್ಟೋತ್ತರ!" ಎಂದು ಮನೆಯವರಿಗೆ ಸಾರಿ, ಅಂದಿನಿಂದ ಇ-85ರ ಹೊರತು ಬೇರೊಂದನ್ನು ಮುಟ್ಟಲಿಲ್ಲ. ಎಥನಾಲಿನ ಶಾಖ ಪೆಟ್ರೋಲಿನದರ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಗಾಡಿ ಅದೇ ಟ್ಯಾಂಕಿಗೆ ಸುಮಾರು ಕಾಲು ಭಾಗ ಕಡಮೆ ದೂರ ಓಡತೊಡಗಿತು.

"ರೀ, ಸಾದಾ ಪೆಟ್ರೋಲು ಗ್ಯಾಲನ್ನಿಗೆ 3 ಡಾಲರ್ ಇದ್ದರೆ ನಿಮ್ಮ ಅಷ್ಟೋತ್ತರ 2 ಡಾಲರ್ 25 ಸೆಂಟಿಗಿಂತ ಕೆಳಗಿದ್ದರೆ ತಾನೇ ಲಾಭ? ಇವತ್ತು 2 ಡಾಲರ್ 60 ಕೊಟ್ಟು ಬಂದಿದ್ದೀರಿ" ಎಂದರು ಆಕೆ, ಹುಳಿಗೆ ಒಗ್ಗರಣೆ ಹಾಕುತ್ತ. ಆಕೆ ಗಾಡಿ ತೆಗೆದುಕೊಂಡು ಹೋದ ದಿನ ಅಗ್ಗವಾದುದನ್ನು ಹಾಕಿಸುವರು. ಮಿಶ್ರಣ ಯಾವುದೇ ಇರಲಿ, ಗಾಡಿಯು ತಾನೇ ಎಥನಾಲಿನ ಪ್ರಮಾಣವನ್ನು ಕಂಡುಕೊಂಡು, ಇಂಧನವನ್ನೂ ಕಿಡಿಯ ವೇಳೆಯನ್ನೂ ಹೊಂದಿಸಿಕೊಂಡು, ಗೊಣಗದೆ ಹೊರಡುವುದು. ಆಚಾರ್ಯರು ಮಾತ್ರ ಮರುದಿನ ಸ್ಟೀರಿಂಗ್ ಹಿಡಿದೊಡನೆ, "ಎಳೆತ ಕುಗ್ಗಿದೆ" ಎನ್ನುವರು.

ಕಳೆದ ಯುಗಾದಿಯಲ್ಲಿ ಹೊಸದಾಗಿ ಬಂದ ತರುಣನೊಬ್ಬನನ್ನು ಹಿಡಿದು, "ನಿಮ್ಮ ಗಾಡಿಗೆ ಯಾವುದು ಹಾಕಿಸುತ್ತೀರಿ?" ಎಂದರು. ಆತನು ಸಂಕೋಚದಿಂದ, "ನನ್ನದು ಎಲೆಕ್ಟ್ರಿಕ್ ಕಾರು ಸಾರ್" ಎಂದನು. ಪಂಕ್ತಿಯಲ್ಲಿ ಕ್ಷಣಕಾಲ ಮೌನ. ಆಚಾರ್ಯರು ಒಬ್ಬಟ್ಟಿಗೆ ತುಪ್ಪ ಬಡಿಸಿಕೊಂಡು ಕೇಳಿದರು:

"ಮನೆಯಲ್ಲಿ ಚಾರ್ಜು ಮಾಡುವುದು 120 ವೋಲ್ಟಿನಲ್ಲೋ, 240ರಲ್ಲೋ?"

"240, ಸಾರ್."

"ಸಂತೋಷ. ಒಳ್ಳೆಯ ಮನೆತನದ ಹುಡುಗ" ಎಂದರು ಆಚಾರ್ಯರು, ಪಕ್ಕದವರ ಕಡೆಗೆ ತಿರುಗಿ.