ಸಮಾಧಿ ತಪಾಸಣೆ

ಬೆಂಗಳೂರಿನಿಂದ ಈಜಿಪ್ಟ್ ಪ್ಯಾಕೇಜ್ ಟೂರಿಗೆ ಹೊರಡುವ ಯಾವ ಗುಂಪಿನಲ್ಲಾದರೂ ಸರ್ಕಾರಿ ಸೇವೆಯಿಂದ ನಿವೃತ್ತರಾದ ಇಂಜಿನಿಯರ್ ಒಬ್ಬರು ಇದ್ದೇ ಇರುತ್ತಾರೆ. ಕಿಸೆಯಲ್ಲಿ ಎರಡು ಪೆನ್ನು, ಕೈಯಲ್ಲಿ ಮಡಚುವ ಕೊಡೆ, ನಾಲ್ಕು ಹೆಜ್ಜೆ ಹಿಂದೆ ನೀರಿನ ಬಾಟ್ಲಿ ಹಿಡಿದ ಮನೆಯವರು. ಲಕ್ಸರ್‌ನ ರಾಜರ ಕಣಿವೆಗೆ ಉಳಿದವರು ಸಮಾಧಿ ನೋಡಲು ಬಂದರೆ, ಸಾಹೇಬರು ಬರುವುದು ತಪಾಸಣೆಗೆ.

ಟುಟಂಖಾಮುನ್‌ನ ನೆಲಮನೆಗೆ ಇಳಿದವರೆಲ್ಲ ಗಾಜಿನ ಪೆಟ್ಟಿಗೆಯಲ್ಲಿರುವ ಮಮ್ಮಿಯ ಸುತ್ತ ಮುತ್ತಿಕೊಳ್ಳುತ್ತಾರೆ. ಸಾಹೇಬರ ಕಣ್ಣು ಮಾತ್ರ ಗೋಡೆಯ ಕಂದು ಚುಕ್ಕೆಗಳ ಮೇಲೆ. "ನೋಡೇ, ಗಾರೆ ಒಣಗೋಕೂ ಬಿಟ್ಟಿಲ್ಲ. ಬಣ್ಣ ಬಳಿದು ಬೀಗ ಜಡಿದಿದ್ದಾರೆ. ಮಾರ್ಚ್ ಎಂಡಿಂಗ್ ಕೆಲಸ!" ತಮಾಷೆಯೆಂದರೆ ಸಂಶೋಧಕರ ಊಹೆಯೂ ಹೆಚ್ಚುಕಡಿಮೆ ಅದೇ: ಹರೆಯದ ದೊರೆ ದಿಢೀರನೆ ತೀರಿಕೊಂಡ, ಅವಸರದಲ್ಲಿ ಮುಚ್ಚಿದರು, ತೇವಕ್ಕೆ ಬೂಷ್ಟು ಹಿಡಿಯಿತು.

ಮುಂದೆ ಆರನೇ ರಾಮ್ಸೆಸ್‌ನ ಸಮಾಧಿ ತೋಡಲು ಬಂದ ಕೆಲಸಗಾರರು ಇದರ ಬಾಗಿಲ ಮೇಲೇ ಗುಡಿಸಲು ಹಾಕಿಕೊಂಡರು. 1922ರ ನವೆಂಬರ್ 4ರಂದು ಹೊವಾರ್ಡ್ ಕಾರ್ಟರ್‌ನ ಆಳುಗಳಿಗೆ ಮೊದಲ ಮೆಟ್ಟಿಲು ಕಾಣುವವರೆಗೆ ಎಲ್ಲ ಮಣ್ಣಡಿಯಲ್ಲೇ ಇತ್ತು ಎಂದು ಗೈಡ್ ವಿವರಿಸಿದ. ಸಾಹೇಬರಿಗೆ ಅಚ್ಚರಿಯೇನೂ ಆಗಲಿಲ್ಲ. "ಪಕ್ಕದ ಸೈಟಿನವರು ಯಾವತ್ತೂ ಹಾಗೇ. ಮಣ್ಣು ತಂದು ನಮ್ಮ ಬಾಗಿಲಿಗೇ ಸುರೀತಾರೆ."

ಮೂರನೇ ರಾಮ್ಸೆಸ್‌ನ ಸಮಾಧಿಯಲ್ಲಿ ಅವರ ಹುರುಪು ಇಮ್ಮಡಿಸಿತು. ನೇರ ಹೋಗುವ ಓಣಿ ನಡುವೆ ಥಟ್ಟನೆ ಪಕ್ಕಕ್ಕೆ ಸರಿಯುತ್ತದೆ. ಅಪ್ಪ ಸೆತ್‌ನಖ್ತೆಯ ಕಾಲದಲ್ಲಿ ಕಲ್ಲು ಕೊರೆಯುತ್ತಾ ಹೋದವರು ನೆರೆಯ ಅಮೆನ್ಮೆಸ್ಸೆಯ ಸಮಾಧಿಗೇ ತೂತು ಹಾಕಿ ಕೆಲಸ ಬಿಟ್ಟಿದ್ದರು. ಮಗ ಅಕ್ಷ ಬದಲಿಸಿ ಮುಂದುವರಿಸಿದ. "ಸರ್ವೆ ಮಾಡದೆ ಕೆಲಸ ಶುರು ಮಾಡಿದ್ರೆ ಇದೇ ಗತಿ" ಎಂದು ಸಾಹೇಬರು ಕೊಡೆಯ ತುದಿಯಿಂದ ಗಾಳಿಯಲ್ಲೇ ಗೆರೆ ಎಳೆದರು. ಇದೇ ದೊರೆಯ ಆಳ್ವಿಕೆಯ 29ನೇ ವರ್ಷದಲ್ಲಿ ಸಮಾಧಿ ಕೆಲಸಗಾರರು ದವಸದ ಬಟವಾಡೆ ತಡವಾಯಿತೆಂದು ಕೆಲಸ ನಿಲ್ಲಿಸಿ, ದೇವಾಲಯಗಳ ಹಿಂದೆ ಹೋಗಿ ಕುಳಿತಿದ್ದರಂತೆ. ದಾಖಲೆ ಉಳಿದಿರುವ ಮೊದಲ ಮುಷ್ಕರ ಅದು. "ಬಿಲ್ ಪಾಸ್ ಆಗಿಲ್ಲ ಅಂದ್ರೆ ಇನ್ನೇನು ಮಾಡ್ತಾರೆ ಪಾಪ!" ಅಷ್ಟರಲ್ಲಿ ನಿಲುವಂಗಿಯ ಕಾವಲುಗಾರ ಕತ್ತಲ ಮೂಲೆಯೊಂದಕ್ಕೆ ಟಾರ್ಚ್ ಬಿಟ್ಟು, ಆಮೇಲೆ ಮೆಲ್ಲಗೆ ಕೈ ಚಾಚಿದ. ಸಾಹೇಬರು ಹೆಂಡತಿಯತ್ತ ತಿರುಗಿದರು: "ಪರ್ಸೆಂಟೇಜು ಇಲ್ಲೂ ಇದೆ."

ಒಂದನೇ ಸೇತಿಯ ಸಮಾಧಿಗೆ ಬೇರೆ ಟಿಕೆಟ್, ಬೆಲೆಯೂ ಜಾಸ್ತಿ. "ಬೇಡ ಬಿಡ್ರೀ" ಎಂದ ಮನೆಯವರ ಮಾತು ಗೆಲ್ಲಲಿಲ್ಲ. 1817ರಲ್ಲಿ ಬೆಲ್ಜೋನಿ ಹುಡುಕಿದ ಈ ಸಮಾಧಿ ಸುಮಾರು 137 ಮೀಟರ್ ಉದ್ದ. ನಡುವೆ ಆಳವಾದ ಬಾವಿ. ಕಳ್ಳರನ್ನು ತಡೆಯಲು ತೋಡಿದ್ದು ಎಂದ ಗೈಡ್. ಮಳೆನೀರು ಒಳಗೆ ನುಗ್ಗದಿರಲಿ ಅಂತ ಎಂದರು ಸಾಹೇಬರು. ವಿದ್ವಾಂಸರಲ್ಲೂ ಈ ಜಗಳ ಇದ್ದದ್ದೇ.

ಬಾವಿ ದಾಟಿ ಮುಂದೆ ಹೋದರೆ ಕೆತ್ತನೆ ಮುಗಿಯದೇ ಉಳಿದ ಕೋಣೆ. ಗೋಡೆ ತುಂಬ ದೇವತೆಗಳ ಬರಿಯ ಗೆರೆಗಳು: ಮೊದಲು ಕೆಂಪಿನಲ್ಲಿ ಬರೆದದ್ದು, ಅದರ ಮೇಲೆ ಕಪ್ಪಿನಲ್ಲಿ ತಿದ್ದಿದ್ದು. ಒಬ್ಬ ದೇವರ ಭುಜ ಒಂದಿಷ್ಟು ಕೆಳಗಿಳಿದಿದೆ, ಇನ್ನೊಬ್ಬನ ಕಾಲು ಹಿಂದೆ ಸರಿದಿದೆ. ಸಾಹೇಬರು ಕನ್ನಡಕ ಒರೆಸಿಕೊಂಡು ಒಂದೊಂದು ತಿದ್ದುಪಡಿಯನ್ನೂ ನೋಡಿದರು. "ಶಭಾಷ್! 3,300 ವರ್ಷದ ಹಿಂದೆ ಇಲ್ಲೊಬ್ಬ ಒಳ್ಳೆ ಆಫೀಸರ್ ಇದ್ದ ಕಣೇ. ಜೂನಿಯರ್ ಕೊಟ್ಟ ಡ್ರಾಯಿಂಗಿಗೆ ಕಣ್ಣು ಮುಚ್ಚಿ ಸಹಿ ಹಾಕಿಲ್ಲ."

ಪ್ರವಾಸದುದ್ದಕ್ಕೂ ಅವರ ಬಾಯಲ್ಲಿ ಬಂದ ಮೊದಲ ಹೊಗಳಿಕೆ. ಮನೆಯವರು ಸಮಾಧಾನದಿಂದ ಬಾಟ್ಲಿಯ ಮುಚ್ಚಳ ತೆರೆದರು. ಸಾಹೇಬರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬಗ್ಗಿ ನೋಡಿದರು.

"ಆದ್ರೂ ಆ ಮೂಲೇಲಿ ಒಂದು ಗೆರೆ ಬಿಟ್ಟುಬಿಟ್ಟಿದ್ದಾನೆ. ಅವತ್ತು ರಜಾ ಹಾಕಿರಬೇಕು."